ತಿಮ್ಮಯ್ಯನ ಕೈಗೆ ಬಂದ ಹೊನ್ನಾರು

ಕಟ್ಟೆಮಳಲವಾಡಿಯ ತಿಮ್ಮಯ್ಯನಿಗೆ ಕೆಟ್ಟ ಚಟಗಳು ಇರಲಿಲ್ಲ. ಬೀಡಿ ಸೇದುತ್ತಿರಲಿಲ್ಲ, ಹೆಂಡದಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ಇದ್ದದ್ದು ಒಂದೇ ಅಭ್ಯಾಸ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಹಿತ್ತಲ ಗೋಡೆಯ ಮೇಲೆ ಇಣುಕಿ, ತಮ್ಮ ನಿಂಗಯ್ಯನ ಮನೆಯಲ್ಲಿ ಹೊಸದಾಗಿ ಏನು ಬಂದಿದೆ ಎಂದು ನೋಡಬೇಕು. ನೋಡಿದ ಮೇಲೆ ಹೊಟ್ಟೆ ಉರಿಯಬೇಕು. ಅದಾದ ಮೇಲೇ ಅವನಿಗೆ ಮುದ್ದೆ ಸೇರುತ್ತಿದ್ದದ್ದು.

"ಗ್ವಾಡೆ ಆಕಿರೋದು ನಾವು ಅತ್ಲಾಗೆ ನೋಡ್ದೆ ಇರ್ಲಿ ಅಂತ ಕಣ್ರೀ" ಎನ್ನುತ್ತಿದ್ದಳು ಹೆಂಡತಿ ಚಾಮುಂಡಮ್ಮ.

"ಗ್ವಾಡೆ ಇರೋದ್ರಿಂದ್ಲೇ ಇಣುಕ್ಬೇಕಾಗದೆ. ಇಲ್ದೆ ಇದ್ರೆ ಅಂಗೇ ಕಾಣ್ತಿತ್ತು" ಎನ್ನುತ್ತಿದ್ದ ತಿಮ್ಮಯ್ಯ.

ಆ ಗೋಡೆ ಎದ್ದದ್ದು ಮೂರು ವರ್ಷದ ಹಿಂದೆ, ಅಣ್ಣತಮ್ಮಂದಿರು ಪಾಲಾದಾಗ. ಹೊಲ, ಗದ್ದೆ, ಕೊನೆಗೆ ಒನಕೆ ಮೊರ ಎಲ್ಲವೂ ಎರಡಾದವು. ಉಳಿದದ್ದು ಅಪ್ಪ ಕರುವಿನಿಂದ ಸಾಕಿದ್ದ ಕೆಂದೆತ್ತಿನ ಜೋಡಿ. ಜೋಡಿ ಒಡೆಯಬೇಡಿ, ಒಬ್ಬರೇ ಇಟ್ಟುಕೊಳ್ಳಿ ಎಂದು ಊರ ಯಜಮಾನ ಚನ್ನಬಸವಣ್ಣ ಬುದ್ಧಿ ಹೇಳಿದ. "ಅಣ್ಣಯ್ಯನೇ ಇಟ್ಕಳ್ಳಿ ಬುಡಿ" ಎಂದುಬಿಟ್ಟ ನಿಂಗಯ್ಯ. ತಿಮ್ಮಯ್ಯನ ಎದೆ ಅಲ್ಲೇ ಹತ್ತಿಕೊಂಡಿತು. ಎತ್ತು ತನ್ನ ಕೊಟ್ಟಿಗೆಗೆ ಬರುತ್ತದೆ, ಸರಿ. ಆದರೆ ಬಿಟ್ಟುಕೊಟ್ಟವನು ಎಂಬ ಹೆಸರು ಗೋಡೆಯಾಚೆಗೆ ಹೋಗುತ್ತದಲ್ಲ! ಬೇಡವೇ ಬೇಡ, ಒಂದೊಂದು ಹಂಚಿ ಎಂದು ಹಟ ಹಿಡಿದ. ಅಂದಿನಿಂದ ಇವನ ಕೆಂದನ ಜೊತೆಗೆ ಒಂದು ಕರಿ ಎತ್ತು, ಅವನ ಕೆಂದನ ಜೊತೆಗೆ ಒಂದು ಬಿಳಿ ಎತ್ತು ಹೂಡಿಕೊಂಡು ಇಬ್ಬರೂ ಉಳುತ್ತಿದ್ದರು.

ಪಾಲಾದ ಮೇಲೆ ನಿಂಗಯ್ಯ ಬೆಳೆದ. ಹುಣಸೂರಿನ ಮರದ ಡಿಪೋಗೆ ಗಾಡಿ ಹೊಡೆದು ಮನೆಗೆ ಮಂಗಳೂರು ಹೆಂಚು ಹೊದಿಸಿದ. ಅವನ ಹೆಂಡತಿ ಸುನಂದಮ್ಮ ಬೆಳಿಗ್ಗೆ ಬೆಳಿಗ್ಗೆ ಕಾಫಿ ಕಾಸುವುದನ್ನು ಕಲಿತಳು. ಆ ವಾಸನೆಗೆ ಗೋಡೆಯ ಮರ್ಯಾದೆ ಇಲ್ಲ, ನೇರವಾಗಿ ತಿಮ್ಮಯ್ಯನ ಮೂಗಿಗೇ ಬರುತ್ತಿತ್ತು. ಕಾಫಿ ಕುಡಿದರೆ ಪಿತ್ತ ಏರುತ್ತದೆ ಎಂದು ಅವನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ. ಕುಡಿಯದೆಯೇ ಅವನಿಗೆ ಏರಿತ್ತು ಎಂಬುದು ಬೇರೆ ಮಾತು.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಯುದ್ಧದ ವಿಷಯದಲ್ಲಿ. ಹುಣಸೂರಿನ ಹೋಟೆಲಿನಲ್ಲಿ ಯಾರೋ ಪತ್ರಿಕೆ ಓದುತ್ತಿದ್ದರು, ನಿಂಗಯ್ಯ ಕೇಳಿಸಿಕೊಂಡು ಬಂದು ಸಂಜೆ ಅರಳಿಕಟ್ಟೆಯಲ್ಲಿ ಹೇಳುತ್ತಿದ್ದ. ಜರ್ಮನಿಯವನು ಪೋಲೆಂಡಿಗೆ ನುಗ್ಗಿದನಂತೆ, ಆಳುವವರು ಊರು ಬಿಟ್ಟು ಓಡಿದರಂತೆ. ಇಡೀ ಊರು ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು. ತಿಮ್ಮಯ್ಯ ಹಿಂದೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತ, "ಇದ್ರಲ್ಲೇನ್ಲಾ ಸುದ್ದಿ? ಪಕ್ಕದೋನ ಒಲದ ಬದ ಒತ್ತೋದು ನಮ್ಮೂರಲ್ಲೂ ಐತೆ. ಅವ್ನು ತೋಪು ಇಟ್ಕಂಡು ಒತ್ತವ್ನೆ, ಅಷ್ಟೆಯ" ಎಂದ. ಜನ ನಕ್ಕರು. ಆದರೆ ಮುಂದೇನಾಯಿತು ಎಂದು ಕೇಳಿದ್ದು ನಿಂಗಯ್ಯನನ್ನೇ.

ಇರಲಿ. ಹೆಂಚು, ಕಾಫಿ, ಜರ್ಮನಿ ಎಲ್ಲವನ್ನೂ ತಿಮ್ಮಯ್ಯ ನುಂಗಿಕೊಳ್ಳುತ್ತಿದ್ದನೇನೋ. ಅವನಿಗೆ ಬೇಕಿದ್ದದ್ದು ಒಂದೇ, ಹೊನ್ನಾರು. ಯುಗಾದಿಯ ಸಂಜೆ ಗುಡಿಯ ಮುಂದೆ ಜೋಯಿಸರು ಪಂಚಾಂಗ ಬಿಡಿಸಿ, ಈ ವರ್ಷ ಯಾರ ಹೆಸರಿಗೆ, ಯಾವ ಬಣ್ಣದ ಎತ್ತಿಗೆ ಬಲ ಇದೆ ಎಂದು ಹೇಳುತ್ತಾರೆ. ಮಾರನೆಯ ಬೆಳಿಗ್ಗೆ ಅವನು ನೇಗಿಲ ಮೇಣಿ ಹಿಡಿದು ಊರಿನ ಮೊದಲ ಗೆರೆ ಎಳೆಯಬೇಕು. ಮಿಕ್ಕ ನೇಗಿಲುಗಳೆಲ್ಲ ಅವನ ಹಿಂದೆ. ವಾಪಸು ಬರುವಾಗ ಮನೆ ಮನೆಯ ಬಾಗಿಲಲ್ಲಿ ಹೆಂಗಸರು ಅವನ ಕಾಲಿಗೆ ನೀರು ಹಾಕುತ್ತಾರೆ. ಅಪ್ಪನ ಕಾಲಿಗೆ ಹಾಗೆ ನೀರು ಬಿದ್ದದ್ದನ್ನು ತಿಮ್ಮಯ್ಯ ಹುಡುಗನಾಗಿದ್ದಾಗ ಕಂಡಿದ್ದ. ಈಗ ಅವನ ತಲೆ ನರೆತಿತ್ತು. ಜೋಯಿಸರ ಬಾಯಲ್ಲಿ ಅವನ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಆ ಯುಗಾದಿಯಲ್ಲಿ ಜೋಯಿಸರು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಹೊನ್ನಾರು ನಿಂಗಯ್ಯನ ಹೆಸರಿಗೆ. ಎತ್ತು ಕೆಂಪು ಜೋಡಿಯೇ ಆಗಬೇಕು. ಕೊಂಬಿನಿಂದ ಬಾಲದವರೆಗೆ ಊನ ಇರಕೂಡದು."

ಊರಲ್ಲಿ ಕೆಂಪು ಜೋಡಿ ಇದ್ದದ್ದು ಒಂದೇ. ಅದೂ ಗೋಡೆಯ ಆಚೆಗೊಂದು, ಈಚೆಗೊಂದು. ಎಲ್ಲರೂ ತಿಮ್ಮಯ್ಯನ ಮುಖ ನೋಡಿದರು. ಅವನು ಮೈಮೇಲಿನ ಟವಲು ಕೊಡವಿಕೊಂಡು, ಯಾರ ಮಾತಿಗೂ ಕಾಯದೆ ಮನೆಗೆ ನಡೆದುಬಿಟ್ಟ.

ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಎತ್ತು ಕೊಡುವುದಿಲ್ಲ ಎಂದರೆ ಊರ ಬೆಳೆಗೆ ಅಡ್ಡ ನಿಂತವನೆಂದು ಚನ್ನಬಸವಣ್ಣ ಪಂಚಾಯ್ತಿ ಸೇರಿಸುತ್ತಾನೆ. ಕೊಟ್ಟರೆ ತನ್ನ ಎತ್ತು ತಮ್ಮನ ಹೊನ್ನಾರು ಎಳೆಯುತ್ತದೆ. ತನ್ನ ಹೆಂಡತಿಯೇ ಬಾಗಿಲಲ್ಲಿ ನಿಂತು ಅವನ ಕಾಲಿಗೆ ನೀರು ಹಾಕಬೇಕು! ಅದನ್ನು ನೆನೆದೇ ಅವನಿಗೆ ಮೈಯೆಲ್ಲ ಬೆಂಕಿಯಾಯಿತು. ಕೊಟ್ಟಿಗೆಗೆ ನುಗ್ಗಿದವನು ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ಎಳೆದ, ಕೆಂದನ ಬಾಲದ ಕುಚ್ಚನ್ನು ಮುಷ್ಟಿಯಲ್ಲಿ ಹಿಡಿದ, ಒಂದೇ ಏಟಿಗೆ ಕೊಯ್ದ. ಕೆಂದ ತಿರುಗಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಮೂಗು ಕೊಯ್ದುಕೊಂಡು ಪಕ್ಕದವನಿಗೆ ಅಪಶಕುನ ಮಾಡುವುದೆಂದರೆ ಇದೇ. ಆದರೆ ಆ ಸಂಜೆ ತಿಮ್ಮಯ್ಯ ಎರಡು ಒಬ್ಬಟ್ಟು ಹೆಚ್ಚಾಗಿಯೇ ತಿಂದ.

ಬೆಳಿಗ್ಗೆ ತಮಟೆಯ ಸದ್ದು ಬಾಗಿಲಿಗೇ ಬಂತು. ಹೊರಗೆ ಬಂದು ನೋಡಿದರೆ ನಿಂಗಯ್ಯ ನಿಂತಿದ್ದಾನೆ. ಕೈಯಲ್ಲಿ ಅವನ ಕೆಂದನ ಹಗ್ಗ, ಕೊಂಬಿಗೆಲ್ಲ ಹೂವು. ಹಿಂದೆ ಚನ್ನಬಸವಣ್ಣ, ಅವನ ಹಿಂದೆ ಅರ್ಧ ಊರು.

"ಅಣ್ಣಯ್ಯ" ಎಂದ ನಿಂಗಯ್ಯ. ಹಾಗೆ ಕರೆದು ಮೂರು ವರ್ಷವಾಗಿತ್ತು. "ಎಸ್ರು ನಂದಾದ್ರೇನು, ಇಬ್ರೂ ಒಂದೇ ಒಟ್ಟೇಲಿ ಉಟ್ಟಿದೋರು. ಅಪ್ಪನ ಎತ್ತು ಇವು. ಮೇಣಿ ನೀನೇ ಇಡ್ಕೊ. ರಾತ್ರೀಲೇ ಜೋಯಿಸ್ರ ಕೇಳ್ದೆ, ಮನೆಗೆ ದೊಡ್ಡೋನು ಇಡುದ್ರೆ ಇನ್ನೂ ಒಳ್ಳೇದು ಅಂದ್ರು."

ತಿಮ್ಮಯ್ಯ ಹುಡುಗನಾಗಿದ್ದಾಗಿನಿಂದ ಕಾದದ್ದು ಬಾಗಿಲಿಗೆ ಬಂದು ನಿಂತಿದೆ. ಚಾಮುಂಡಮ್ಮ ಆಗಲೇ ಒಳಗೆ ಓಡಿ ಹೊಸ ಪಂಚೆ ಹುಡುಕುತ್ತಿದ್ದಾಳೆ. ಚನ್ನಬಸವಣ್ಣ ಕೆಂದನನ್ನು ಹಿಡಿದು ತರಲು ಕೊಟ್ಟಿಗೆಗೆ ನಡೆದ. ತಿಮ್ಮಯ್ಯ ಅಡ್ಡ ಹೋಗುವಷ್ಟರಲ್ಲಿ ಅವನು ಒಳಗಿದ್ದ.

"ಇದ್ಯಾಕ್ಲಾ ತಿಮ್ಮಯ್ಯ, ಎತ್ತಿನ ಬಾಲ ಇಂಗೈತೆ? ಕುಚ್ಚೆಲ್ಲೋಯ್ತು?"

ಜನ ಕೊಟ್ಟಿಗೆಯ ಬಾಗಿಲಿಗೆ ನುಗ್ಗಿದರು. ಕುಚ್ಚು ಎತ್ತು ಕಟ್ಟುವ ಗೊಂತಿನ ಕೆಳಗೆ ಬಿದ್ದಿತ್ತು. ಸೂರಿನಲ್ಲಿದ್ದ ಕುಡುಗೋಲಿನ ಹಲ್ಲಿಗೆ ಕೆಂಪು ಕೂದಲು ಅಂಟಿತ್ತು. ಎಲ್ಲರಿಗಿಂತ ಮೊದಲು ಅದನ್ನು ಕಂಡವನು ನಿಂಗಯ್ಯ. ಅವನು ಕುಡುಗೋಲು ನೋಡಿದ, ಅಣ್ಣನ ಮುಖ ನೋಡಿದ, ಗೊಂತಿನ ಹತ್ತಿರ ಹೋಗಿ ಕಾಲಲ್ಲೇ ಹುಲ್ಲು ಸರಿಸಿ ಕುಚ್ಚನ್ನು ಮುಚ್ಚಿದ.

"ಅಯ್ಯೋ, ನನ್ನಿಂದ್ಲೇ ಆದದ್ದು ಕಣಣ್ಣ" ಎಂದ ಚನ್ನಬಸವಣ್ಣನಿಗೆ. "ನಿನ್ನೆ ಮೇದು ಬರೋವಾಗ ನಮ್ಮ ಬೇಲಿ ಮುಳ್ಳಿಗೆ ಬಾಲ ಸಿಕ್ಕಾಕ್ಕಂಡಿತ್ತು. ನಾನೇ ಎಳ್ದು ಬುಡಿಸ್ದೆ. ಕುಚ್ಚು ಕಿತ್ತೋದದ್ದು ಕತ್ಲಲ್ಲಿ ಕಾಣ್ನಿಲ್ಲ. ಅಣ್ಣಯ್ಯಂಗೂ ಗೊತ್ತಿಲ್ಲ ಪಾಪ."

ಮುಳ್ಳಿಗೆ ಸಿಕ್ಕ ಕೂದಲು ಒಂದು ಉದ್ದ, ಒಂದು ಗಿಡ್ಡ ಇರುತ್ತದೆ. ಕೆಂದನ ಬಾಲ ಒಂದೇ ಸಮನಾಗಿ ಮೊಂಡಾಗಿತ್ತು. ದನ ಕಟ್ಟಿದವರಿಗೆ ಅದು ಗೊತ್ತಾಗದ ಮಾತಲ್ಲ. ಆದರೂ ಜನ ಅಯ್ಯೋ ಪಾಪ ಎಂದರು, ನಿಂಗಯ್ಯ ಹೇಳಿದನಲ್ಲ! ಜೋಯಿಸರನ್ನು ಮತ್ತೆ ಕೇಳಿ ಹೊನ್ನಾರನ್ನು, ಬಿಳಿ ಜೋಡಿ ಕಟ್ಟಿದ್ದ ಸಣ್ಣಬೀರಯ್ಯ ಎಂಬ ರೈತನಿಗೆ ಕೊಟ್ಟರು. ತಮಟೆ ಅವನ ಮನೆಯ ಕಡೆ ಹೋಯಿತು. ನಿಂಗಯ್ಯ ಹೂವಿನ ಎತ್ತನ್ನು ಹಿಡಿದುಕೊಂಡು ಅವರ ಹಿಂದೆಯೇ ನಡೆದ.

ಚಾಮುಂಡಮ್ಮ ಹೊಸ ಪಂಚೆ ಹಿಡಿದುಕೊಂಡು ಬಂದಾಗ ಕೊಟ್ಟಿಗೆಯಲ್ಲಿ ಗಂಡ ಒಬ್ಬನೇ ಸಗಣಿಯ ಮೇಲೆ ಕುಕ್ಕರಿಸಿದ್ದ. ನಿಂಗಯ್ಯ ಹೇಳಿದ್ದು ಒಳಗೆ ಅವಳಿಗೂ ಕೇಳಿಸಿತ್ತು. ಅವಳು ಬಾಲ ನೋಡಿದಳು, ಸೂರಿನ ಕುಡುಗೋಲು ನೋಡಿದಳು.

"ಅಳ್ಬೇಡಿ ಎದ್ದೇಳಿ. ಅವ್ನು ಯಾರ್ಗೂ ಯೋಳಾಕಿಲ್ಲ" ಎಂದಳು.

"ಅದ್ಕೇ ಕಣೇ ಅಳ್ತಿರೋದು" ಎಂದ ತಿಮ್ಮಯ್ಯ. "ಸುಳ್ಳೂ ಅವ್ನೇ ಯೋಳ್ಬುಟ್ಟ. ನಾನು ಯೋಳಿದ್ರೆ ಒಬ್ರೂ ನಂಬ್ತಿರ್ನಿಲ್ಲ."