ಬ್ರೋಮೋ ಹಿಡಿದ ಸೀಟು

ಪಟ್ಟಂ ಎಂಬ ಬಡಾವಣೆಯ ಬಾಡಿಗೆ ಕೋಣೆಯಲ್ಲಿದ್ದುಕೊಂಡು ನಾನು ಔಷಧಶಾಸ್ತ್ರ ಓದುತ್ತಿದ್ದಾಗ ನನ್ನ ಕೂದಲು ಅರ್ಧ ಬೆಳ್ಳಗಾಗಿತ್ತು. ಕ್ಲಾಸಿನ ಹುಡುಗರು ಮಲಯಾಳದಲ್ಲಿ ‘ಅಮ್ಮಾವಾ’ ಎನ್ನುತ್ತಿದ್ದರು, ಅಂದರೆ ಮಾವ. ತಡವಾಗಿ ಓದುವುದಕ್ಕೆ ನನಗೆ ನಾಚಿಕೆಯಿರಲಿಲ್ಲ. ಈ ಓದಿನಿಂದ ಅಣ್ಣನ ತಲೆನೋವಿಗೆ ಏನಾದರೂ ಸಿಕ್ಕೀತು ಎಂದು ನಂಬಿದ್ದೆ.

ಅಣ್ಣ ಕೊಚ್ಚಿಯ ಪಾಲಾರಿವಟ್ಟಂನಲ್ಲಿ ವಕೀಲರೊಬ್ಬರ ಗುಮಾಸ್ತ. ವರ್ಷಕ್ಕೊಮ್ಮೆ ಕೆಲವು ವಾರ, ದಿನಾ ಊಟದ ಹೊತ್ತಿಗೆ, ಬಲಗಣ್ಣಿನ ಹಿಂದೆ ನೋವು ಏಳುತ್ತಿತ್ತು. ಕಣ್ಣು ಕೆಂಪಾಗಿ ನೀರಿಳಿಯುತ್ತಿತ್ತು. ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಡಾಕ್ಟರು ಕ್ಲಸ್ಟರ್ ತಲೆನೋವು ಎಂದರು. ಅವರು ಕೊಟ್ಟ ಮಾತ್ರೆ ಅವನಿಗೆ ಹಿಡಿಯಲಿಲ್ಲ.

ಈ ಶತಮಾನದ ಮೊದಲ ದಶಕದ ಕೊನೆಗೆ ನಾನು ಸೆಮಿನಾರಿಗೆ ಬ್ರೋಮೋ-ಎಲ್‌ಎಸ್‌ಡಿ ಆರಿಸಿಕೊಂಡೆ. ಭ್ರಮೆ ಹುಟ್ಟಿಸುವ, ನಿಷೇಧಿತ ಎಲ್‌ಎಸ್‌ಡಿಗೆ ಒಂದು ಬ್ರೋಮಿನ್ ಪರಮಾಣು ಸೇರಿಸಿದ ಹಳೆಯ ಸಂಯುಕ್ತ ಅದು. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ಆದರೆ ಭ್ರಮೆ ಹುಟ್ಟಿಸುವುದಿಲ್ಲ. ಹೊರದೇಶದಲ್ಲಿ ವೈದ್ಯರು ಇಂಥದೇ ತಲೆನೋವಿನ ಕೆಲವರಿಗೆ ಕೊಟ್ಟು ನೋಡುತ್ತಿದ್ದಾರೆ ಎಂದು ಓದಿ, ಅಣ್ಣನಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ.

“ಅಂದ್ರೆ ಬಸ್ಸಿನ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿದ ಹಾಗೆ,” ಎಂದ. “ಬೇರೆಯವ ಕೂರ್ಲಿಕ್ಕಿಲ್ಲ. ಟವಲಿಗೆ ಅಮಲೂ ಇಲ್ಲ. ಅಲ್ದಾ?”

“ಹೆಚ್ಚು ಕಮ್ಮಿ ಹಾಗೇ. ನೋವು ಹೇಗೆ ಕಮ್ಮಿ ಆಗ್ತದೆ ಅಂತ ಮಾತ್ರ ಯಾರಿಗೂ ಸರಿ ಗೊತ್ತಿಲ್ಲ.”

“ಗೊತ್ತಾಗೋದು ಬೇಡ ಮಾರಾಯ. ಟವಲ್ ಒಂದು ಸಿಕ್ಕಿದ್ರೆ ಸಾಕು.”

ಸೆಮಿನಾರಿನಲ್ಲಿ ಟವಲಿನ ಮಾತನ್ನೇ ಹೇಳಿದೆ. ಎಲ್ಲರೂ ನಕ್ಕರು. ಇದಕ್ಕೆ ಅಮಲಿಲ್ಲ ಎಂಬುದನ್ನು ಎಷ್ಟು ಚೆನ್ನಾಗಿ ವಿವರಿಸಿದ್ದೀಯ ಎಂದು ಪ್ರೊಫೆಸರ್ ಬೆನ್ನು ತಟ್ಟಿದರು. ಆ ಧೈರ್ಯದ ಮೇಲೆ ಅವರ ಕೋಣೆಗೆ ಹೋದೆ. ಹೊರದೇಶದ ಆ ವೈದ್ಯರು ತಮ್ಮ ಪ್ರಯೋಗಕ್ಕೆ ಅಣ್ಣನನ್ನೂ ಸೇರಿಸಿಕೊಳ್ಳುತ್ತಾರೋ ಎಂದು ನಿಮ್ಮ ಹೆಸರಿನಲ್ಲಿ ಒಂದು ಮೇಲ್ ಹಾಕಿ ಕೇಳಬಹುದೇ ಎಂದೆ.

ಅವರ ಮುಖವೇ ಬದಲಾಯಿತು. “ಎಡೋ, ಇವನೇ, ಅದರ ಹೆಸರಿನ ಕೊನೆಗೆ ಏನುಂಟು?”

“ಎಲ್‌ಎಸ್‌ಡಿ, ಸಾರ್. ಆದರೆ ಅಮಲಿಲ್ಲ. ನೀವೇ ಈಗ...”

“ಅದು ಸೆಮಿನಾರಿಗೆ. ಪೊಲೀಸರು ಬಂದರೆ ಟವಲ್ ಕಥೆ ಹೇಳ್ತೀಯಾ? ವೇಂಡ. ಬೇಡವೇ ಬೇಡ.”

ನನ್ನದೇ ಹೆಸರಿನಲ್ಲಿ ಮೇಲ್ ಹಾಕಿದೆ. ಉತ್ತರ ಬರಲಿಲ್ಲ. ಯಾರೋ ವಿದ್ಯಾರ್ಥಿಗೆ ಯಾಕೆ ಬರೆದಾರು?

ಮುಂದಿನ ಸಲ ಪಾಲಾರಿವಟ್ಟಂಗೆ ಹೋದಾಗ ಅಣ್ಣನಿಗೆ ನೋವಿನ ಕಾಲ. ಊಟಕ್ಕೆ ಕೂತವನು ತಟ್ಟೆ ಸರಿಸಿ ಎದ್ದ. ಒದ್ದೆ ಟವಲನ್ನು ಹಣೆಗೆ ಬಿಗಿದುಕೊಂಡ.

“ಸೆಮಿನಾರಿಗೆ ಮಾರ್ಕು ಎಷ್ಟು ಬಂತು?”

“ಎಲ್ಲರಿಗಿಂತ ಹೆಚ್ಚು.”

“ಒಳ್ಳೇದಾಯ್ತು,” ಎಂದು ಗೋಡೆಯ ಕಡೆ ತಿರುಗಿದ.