ಖಡಕಿಯ ತಾಯಪ್ಪ ಮಾರಿದ ಕತ್ತಿ

ಅಂಗಡಿಯ ಬೋರ್ಡಿನ ಮೇಲೆ ಹಿರಿಯರ ಹೆಸರಿರಬೇಕು ಎಂಬುದು ಶೈಲಶ್ರೀಯ ತವರಿನ ರೂಢಿ. ಹಾಗಾಗಿ ಕಂಪ್ಯೂಟರ್ ಆಟದೊಳಗೆ ವ್ಯಾಪಾರಕ್ಕೆ ಇಳಿದಾಗಲೂ ಅವಳು ತಾನು ಆಡಿಸುವ ಗಡ್ಡದ ಯೋಧನಿಗೆ, ಖಡಕಿ ಬಜಾರಿನಲ್ಲಿ ಬನಿಯನ್ ಅಂಗಡಿ ಇಟ್ಟಿದ್ದ ಅಪ್ಪನ ಹೆಸರನ್ನೇ ಇಟ್ಟಳು: ‘ಖಡಕಿ ತಾಯಪ್ಪ’. ಅದೇ ಶಹರದ ಇನ್ನೊಂದು ಕಡೆ, ಸ್ವಾರಗೇಟ ಬಳಿಯ ಗಂಡನ ಸೈಬರ್ ಕೆಫೆಯ ಗಲ್ಲಾದಲ್ಲಿ ಕೂತು, ಆಟದಲ್ಲಿ ಗೆದ್ದ ಗುರಾಣಿ, ಕತ್ತಿಗಳನ್ನು ಬೇರೆ ಆಟಗಾರರಿಗೆ ನಿಜವಾದ ರೂಪಾಯಿಗೆ ಮಾರುತ್ತಿದ್ದಳು. ಹಣವನ್ನು ಅವರು ಪಕ್ಕದ ಹೋಟೆಲಿನಲ್ಲಿ ತಾಯಪ್ಪನ ಹೆಸರು ಹೇಳಿ ಕೊಟ್ಟುಹೋಗುತ್ತಿದ್ದರು. ಇಂಥ ಮಾರಾಟವನ್ನು ಆಟದ ಕಂಪನಿ ನಿಷೇಧಿಸಿತ್ತು. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

2006ರ ಆಗಸ್ಟಿನ ಒಂದು ಬೆಳಿಗ್ಗೆ ಅಪ್ಪನ ಫೋನು ಬಂತು.

“ಶೈಲಾ, ಯಾವನೋ ಹುಡುಗ ಅಂಗಡಿಗೆ ಬಂದು ಒದರಾಕತ್ತಾನ. ನಾ ಅವಗ ಕತ್ತಿ ಮಾರೇನಂತ, ಈಗ ಅದು ಮಾಯ ಆಗೇದಂತ. ಬನಿಯನ್ ಮಾರಾವ ನಾನು, ಕತ್ತಿ ಎಲ್ಲಿಂದ ತರ್ಲಿ?”

ಅಪ್ಪ ನಗುತ್ತಿದ್ದರು. ಶೈಲಶ್ರೀಗೆ ಥಟ್ಟನೆ ಅರ್ಥವಾಯಿತು; ಗಲ್ಲಾಕ್ಕೆ ಬೀಗ ಹಾಕಿ ಹೊರಟಳು. ಮಾರಾಟದ ಸುಳಿವು ಸಿಕ್ಕ ಕಂಪನಿ ಹುಡುಗನ ಕತ್ತಿಯನ್ನು ಅಳಿಸಿಹಾಕಿತ್ತು. ಅವನು ಹೆಸರು ಹಿಡಿದು ಖಡಕಿ ಬಜಾರಿನಲ್ಲಿ ವಿಚಾರಿಸಿದ್ದ. ಅದು ಮದ್ದುಗುಂಡಿನ ಕಾರ್ಖಾನೆಯ ಊರು. ಹಿಂದಿನ ತಿಂಗಳ ಮುಂಬಯಿ ರೈಲು ಸ್ಫೋಟಗಳ ಭಯ ಇನ್ನೂ ಆರಿರಲಿಲ್ಲ. ಅಲ್ಲಿ ಆಯುಧದ ಮಾತನ್ನು ಜೋರಾಗಿ ಆಡುವಂತಿರಲಿಲ್ಲ.

ಅವಳು ರಿಕ್ಷಾದಿಂದ ಇಳಿಯುವಷ್ಟರಲ್ಲಿ ಯಾರೋ ಪೊಲೀಸರಿಗೆ ತಿಳಿಸಿದ್ದರು. ಹವಾಲ್ದಾರನನ್ನು ಕಂಡದ್ದೇ ಹುಡುಗ ಓಡಿಹೋಗಿದ್ದ. ಹವಾಲ್ದಾರ ಕತ್ತಿ ಹುಡುಕುತ್ತ ಬನಿಯನ್ ಡಬ್ಬಿಗಳನ್ನೆಲ್ಲ ನೆಲಕ್ಕೆ ಇಳಿಸಿದ್ದ. ಅಪ್ಪನ ಮುಖದಲ್ಲಿ ನಗುವಿರಲಿಲ್ಲ.

“ಕತ್ತಿ ಮಾರಿದವಳು ನಾನು. ಅದು ಕಂಪ್ಯೂಟರಿನೊಳಗಿನದು,” ಎಂದಳು ಮರಾಠಿಯಲ್ಲಿ.

“ಮುಟ್ಟೋಕೂ ಆಗದ ಕತ್ತಿಗೆ ರೊಕ್ಕ ಕೊಟ್ಟನಾ?” ಹವಾಲ್ದಾರನೂ ಮರಾಠಿಯಲ್ಲೇ ಗದರಿದ. “ನಾನೇನು ನಿನ್ನೆ ಹುಟ್ಟಿದವನಾ, ಅಮ್ಮಾ? ತೋರಿಸು.”

ಎದುರಿನ ಸೈಬರ್ ಕೆಫೆಯಲ್ಲಿ ಅವಳು ಪಾಸ್‌ವರ್ಡ್ ಒತ್ತಿದಳು. ಅವಸರದಲ್ಲಿ ತಪ್ಪಾಯಿತು. ಮತ್ತೆ ಒತ್ತಿದಾಗ ತೆರೆಯ ಮೇಲೆ ಬಂದದ್ದು ಒಂದೇ ಸಾಲು: ಈ ಹೆಸರಿನವರು ಯಾರೂ ಇಲ್ಲ. ಕಂಪನಿ ಅವಳ ಯೋಧನನ್ನೂ ಅಳಿಸಿತ್ತು.

“ಇದರೊಳಗೆ ತಾಯಪ್ಪ ಇಲ್ಲ. ಅಂಗಡಿಯಲ್ಲಿದ್ದಾನೆ,” ಎಂದ ಹವಾಲ್ದಾರ. “ಅವನನ್ನೇ ಒಯ್ತೀನಿ.”

ಅಪ್ಪ ಟೋಪಿ ಹಾಕಿಕೊಂಡು ಜೀಪು ಹತ್ತಿದರು. ಮಗಳನ್ನು ಬೈಯಲಿಲ್ಲ. ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಕೇಳಿದರು: “ಆ ಕತ್ತಿ ಹೆಂಗಿತ್ತು, ಹೇಳವ್ವ. ಅಲ್ಲಿ ಕೇಳಿದ್ರ ಏನರ ಹೇಳ್ಬೇಕಲ್ಲ?”

“ಗೊತ್ತಿಲ್ಲ ಅನ್ರಿ, ಅಪ್ಪಾ. ಬರೇ ಗೊತ್ತಿಲ್ಲ ಅನ್ರಿ.”

ಜೀವಮಾನದಲ್ಲಿ ಒಬ್ಬ ಗಿರಾಕಿಗೂ ಗೊತ್ತಿಲ್ಲ ಎಂದವರಲ್ಲ ಅವರು. ತಲೆಯಾಡಿಸುತ್ತಿದ್ದಂತೆಯೇ ಜೀಪು ಹೊರಟಿತು. ಶೈಲಶ್ರೀ ರಿಕ್ಷಾ ಕೂಗುತ್ತ ಅದರ ಹಿಂದೆ ಓಡಿದಳು.