ಮೊದಲು ಹೆಸರು ಹೇಳುವ ಮಹಂತೇಶ

ಬೆಳಗಿನ ಆರೂವರೆ. ದೆಹಲಿಯ ನಿಜಾಮುದ್ದೀನ್ ರೈಲು ನಿಲ್ದಾಣದಲ್ಲಿ ಬೆಳಗಾವಿ ಕಡೆಯಿಂದ ರೈಲು ಬಂದು ನಿಲ್ಲುತ್ತಿದೆ. ಸ್ವಲ್ಪ ಕುಂಟುತ್ತ, ಎದೆಮಟ್ಟದಲ್ಲಿ ರಟ್ಟಿನ ತುಂಡೊಂದನ್ನು ಹಿಡಿದು ಮಹಂತೇಶ ಮುದೇನೂರ ಬೋಗಿಯಿಂದ ಬೋಗಿಗೆ ನಡೆಯುತ್ತಾರೆ. ರಟ್ಟಿನ ಮೇಲೆ ದಪ್ಪ ಕನ್ನಡ ಅಕ್ಷರ: 'ಸಿಪಾಯಿ ಪ್ರಜ್ವಲ್'. ಕೈಚೀಲ ಅವಚಿಕೊಂಡು ಇಳಿದ ನಡುವಯಸ್ಸಿನ ಹೆಂಗಸೊಬ್ಬರು ಅದನ್ನು ಓದಿ ನಿಂತಲ್ಲೇ ನಿಲ್ಲುತ್ತಾರೆ. ಅವರು ಪ್ರಜ್ವಲನ ತಾಯಿ ಸುಮಿತ್ರಾ.

ಮಹಂತೇಶ ನಮಸ್ಕಾರವನ್ನೂ ಹೇಳುವುದಿಲ್ಲ. "ಅಕ್ಕಾರ, ನಿಮ್ಮ ಪ್ರಜ್ವಲ್ ಜೀವಂತ ಅದಾನ. ಎಡಗಾಲಿಗೆ ಪೆಟ್ಟು ಬಿದ್ದೈತಿ. ನಿನ್ನೆ ನಾನೇ ನೋಡಿ, ಮಾತಾಡಿಸಿ ಬಂದೀನಿ" ಎನ್ನುತ್ತಾರೆ. ನಂತರವೇ ಚೀಲಕ್ಕೆ ಕೈ ಹಾಕುವುದು.

ಹೊರಗೆ ಆಟೋದವನು "ಚಲೋ, ಚಲೋ" ಎಂದು ಅವಸರಿಸುತ್ತಾನೆ. ಸುಮಿತ್ರಾ ಅವರ ಮುಖ ಅರಳುತ್ತದೆ. "ಎಲ್ಲಾ ಚಲೋ ಐತಿ ಅಂತಾನಲ್ರೀ ಇವ?" ಮಹಂತೇಶರಿಗೆ ನಗಬೇಕೋ ಬೇಡವೋ ತಿಳಿಯುವುದಿಲ್ಲ. "ಇಲ್ಲಿ ಚಲೋ ಅಂದ್ರ ನಡೀರಿ ಅಂತ, ಅಕ್ಕಾರ. ಹತ್ರಿ."

ನಲವತ್ತೊಂಬತ್ತರ ಈ ನಿವೃತ್ತ ಹವಾಲ್ದಾರ್ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಕಿದ್ವಾಯಿ ನಗರದ ಸರ್ಕಾರಿ ವಸತಿಗೃಹಗಳ ಗೇಟು ಕಾಯುತ್ತಾರೆ. ಅಲ್ಲಿ ಅವರು ಬರೀ 'ಗಾರ್ಡ್ ಭಯ್ಯಾ'. ಬೆಳಗಿನ ಈ ಕೆಲಸ ಅಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗಾಯಗೊಂಡೋ ಕಾಯಿಲೆ ಬಿದ್ದೋ ಸೇನಾ ಆಸ್ಪತ್ರೆ ಸೇರಿದ ಕನ್ನಡದ ಸೈನಿಕರ ಮನೆಯವರು ಊರಿಂದ ಹೊರಟರೆ, ಹಳೆಯ ಪಲ್ಟಣದ ಗೆಳೆಯರು ಇವರಿಗೆ ಫೋನ್ ಮಾಡುತ್ತಾರೆ. ತಿಂಗಳಿಗೆ ಆರೇಳು ಕುಟುಂಬ. ಹನ್ನೊಂದು ವರ್ಷದಿಂದ ನಡೆದಿದೆ. ಇವರು ಹಿಂದಿನ ದಿನವೇ ವಾರ್ಡಿಗೆ ಹೋಗಿ ಸೈನಿಕನನ್ನು ಕಣ್ಣಾರೆ ಕಂಡು ಬರುತ್ತಾರೆ. ಕಾಣದೆ ಸ್ಟೇಷನ್ನಿಗೆ ಹೋದದ್ದಿಲ್ಲ.

ಯಾಕೆ ಎಂದು ಕೇಳಿದರೆ ಒಂದೇ ಸಲಕ್ಕೆ ಹೇಳಲಾರರು.

ರಾಮದುರ್ಗ ತಾಲ್ಲೂಕಿನ ಹಳ್ಳಿಯೊಂದರ ಭರಮಪ್ಪ ಮುದೇನೂರರಿಗೆ ಮೂವರು ಗಂಡುಮಕ್ಕಳು. ಬಸಪ್ಪ, ಮಹಂತೇಶ, ಯಶವಂತ. ಮೂವರೂ ಸೈನ್ಯ ಸೇರಿದರು. ಬೆಳಗಾವಿಯ ಭರ್ತಿಗೆ ಕಿರಿಯ ಯಶವಂತನನ್ನು ಕರೆದೊಯ್ದವರು ಮಹಂತೇಶರೇ. ಕಾರ್ಗಿಲ್ ಯುದ್ಧ ಶುರುವಾದಾಗ ಮೂವರೂ ಬೇರೆ ಬೇರೆ ಪಲ್ಟಣಗಳಲ್ಲಿ ಬೆಟ್ಟದ ಮೇಲಿದ್ದರು.

ಒಂದು ಮಧ್ಯಾಹ್ನ ಊರಿನ ಕಿರಾಣಿ ಅಂಗಡಿಗೆ ಫೋನ್ ಬಂತು. ಹಿಂದಿ ಬಾರದ ಅಂಗಡಿಯವನಿಗೆ ಅರ್ಥವಾದದ್ದು ಮೂರೇ ಮಾತು: ಮುದೇನೂರ, ಗಾಯ, ದಿಲ್ಲಿ. ಯಾವ ಮುದೇನೂರ ಎಂದು ಕೇಳುವಷ್ಟರಲ್ಲಿ ಫೋನ್ ಕಡಿದುಹೋಯಿತು.

ಭರಮಪ್ಪ ಒಬ್ಬರೇ ರೈಲು ಹತ್ತಿದರು. ಜೇಬಿನಲ್ಲಿ ಮೂರು ಹೆಸರು ಬರೆದ ಚೀಟಿ. ದಿಲ್ಲಿಯಲ್ಲಿ ಎರಡು ದಿನ ಕಂಡಕಂಡ ಗೇಟಿನಲ್ಲಿ ಆ ಚೀಟಿ ಚಾಚಿದರು. ಕನ್ನಡದ ಚೀಟಿಯನ್ನು ಓದುವವರು ಯಾರು? ಕೊನೆಗೆ ಆರ್.ಕೆ.ಪುರಂ ಬಸ್‌ಸ್ಟಾಪಿನಲ್ಲಿ ಚಂದ್ರಮೋಹನ ಎಂಬ ಗುಮಾಸ್ತರ ಕಣ್ಣಿಗೆ ಬಿದ್ದರು. ಮಂಡ್ಯ ಕಡೆಯ ಅವರು ಅಂದು ಆಫೀಸಿಗೆ ಹೋಗದೆ ಭರಮಪ್ಪನವರನ್ನು ವಾರ್ಡಿಗೆ ಮುಟ್ಟಿಸಿದರು.

ತೊಡೆಗೆ ಶೆಲ್ಲಿನ ಚೂರು ಹೊಕ್ಕು ಮಲಗಿದ್ದ ಮಹಂತೇಶ ಅಪ್ಪನನ್ನು ಕಂಡು ಏಳಲು ಹೋದರು. ಅಪ್ಪ ಮಂಚದ ಬಳಿ ನಿಂತು ದಿಟ್ಟಿಸಿ ಒಂದೇ ಮಾತಂದರು: "ನೀನಾ?"

"ಇಪ್ಪತ್ತಾರು ವರ್ಷ ಆತು. ಆ ಮಾತು ಇನ್ನೂ ನನಗ ಬಗೆಹರಿದಿಲ್ರಿ. ಸದ್ಯ ನೀನು ಸಿಕ್ಕಿಯಲ್ಲ ಅಂತಲೋ, ನೀನಾ, ಯಶವಂತ ಅಲ್ಲಾ ಅಂತಲೋ? ಖುಷಿಯೋ, ಬ್ಯಾಸರವೋ?" ಎನ್ನುತ್ತಾರೆ ಮಹಂತೇಶ.

ಕೇಳಲು ಹೊತ್ತಿರಲಿಲ್ಲ. ನಾಲ್ಕನೆಯ ದಿನ ಅದೇ ಅಂಗಡಿಗೆ ಇನ್ನೊಂದು ಫೋನ್ ಬಂತು. ಈ ಸಲ ಹೆಸರು ಸ್ಪಷ್ಟವಾಗಿತ್ತು: ಯಶವಂತ. ಇಪ್ಪತ್ತು ವರ್ಷ. ಚಂದ್ರಮೋಹನರ ಆಫೀಸಿನ ಫೋನಿಗೆ ಊರಿಂದ ಸುದ್ದಿ ಮುಟ್ಟಿ, ಅಪ್ಪ ಅಂದೇ ಊರಿಗೆ ಹೊರಟರು. ತಮ್ಮನ ಮಣ್ಣಿಗೂ ಹೋಗಲಾಗದೆ ಮಹಂತೇಶ ಮಂಚದಲ್ಲೇ ಉಳಿದರು. ಆಮೇಲೆ ಊರಿಗೆ ಹೋದಾಗಲೆಲ್ಲ ಆ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯುತ್ತಿತ್ತು. ಅಪ್ಪ ತೀರಿಕೊಂಡು ಹದಿನೇಳು ವರ್ಷ.

ಊರಲ್ಲೇ ನೆಲೆಸಿರುವ ಅಣ್ಣ ಬಸಪ್ಪನ ಮುಂದೆ ಕಳೆದ ವರ್ಷ ಫೋನಿನಲ್ಲಿ ಬಾಯಿಬಿಟ್ಟರು. ಅಣ್ಣ ಅಂದದ್ದಿಷ್ಟು: "ನಾ ಯುದ್ಧ ಮುಗಿಸಿ ಬಂದು ಬಾಗಿಲಾಗ ನಿಂತಾಗ ನನಗೂ ಅಪ್ಪ ಹಂಗ ಅಂದಿದ್ದ, ತಮ್ಮಾ."

"ಅದನ್ನ ಕೇಳಿ ಸಮಾಧಾನ ಆಗಬೇಕಿತ್ತು ನೋಡ್ರಿ. ಮತ್ತಷ್ಟು ಗೊಂದಲ ಆತು" ಎಂದು ಮಹಂತೇಶ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ.

ಈಗ ಮನೆಯಲ್ಲೇ ಹೊಸ ಗೊಂದಲ ಎದ್ದಿದೆ. ಮಗಳು ಲಾವಣ್ಯಾಗೆ ಇಪ್ಪತ್ತೊಂದು. ಲಕ್ಷ್ಮೀ ನಗರದ ಕೋಚಿಂಗಿಗೆ ಹೋಗುತ್ತಿದ್ದಾಳೆ, ಬ್ಯಾಂಕ್ ಪರೀಕ್ಷೆಗೆ ಎಂದು ಅಪ್ಪ ನಂಬಿದ್ದರು. ಅವಳು ಬರೆದದ್ದು ಸೇನಾಧಿಕಾರಿಯ ಪರೀಕ್ಷೆ. ಪಾಸಾಗಿ, ಸಂದರ್ಶನದ ಪತ್ರವೂ ಬಂದಿದೆ.

"ಪಪ್ಪಾ, ಆಪ್ ಖುಷ್ ಹೋ ನಾ? ಖುಷಿ ತಾನೇ? ಕುಛ್ ತೋ ಹೇಳಿ, ಏನಾದ್ರೂ!" ಎಂದು ಅವಳು ಪತ್ರ ಹಿಡಿದು ನಿಂತಾಗ ಮಹಂತೇಶ ಅದರಲ್ಲಿದ್ದ ಅವಳ ಹೆಸರನ್ನೇ ಎರಡೆರಡು ಸಲ ಓದಿದರು. ತಾಯಿ ದೇವಕಿ ಅಂದು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಸುದ್ದಿ ಕೇಳಿದ ಬಸಪ್ಪ ಊರಿಂದ ಫೋನ್ ಮಾಡಿ ಖಂಡತುಂಡವಾಗಿ ಬೇಡವೆಂದಿದ್ದಾನೆ. ಅಣ್ಣನಿಗೆ ಹೂಂ ಎನ್ನಲು ಹೋದರೆ ಮಗಳ ಮುಖ ಎದುರು ಬರುತ್ತದೆ. ಮಗಳಿಗೆ ಹೂಂ ಎನ್ನಲು ಹೋದರೆ ಭರ್ತಿಯ ಮೈದಾನದಲ್ಲಿ ಎದೆಯುಬ್ಬಿಸಿ ನಿಂತಿದ್ದ ತಮ್ಮ.

ಅವಳು ಪಾಸಾಗಲೆಂದು ಬೇಡಿಕೊಳ್ಳುತ್ತೀರೋ, ಫೇಲಾಗಲೆಂದೋ ಎಂದರೆ ಮಹಂತೇಶ ಕೈಮುಗಿಯುತ್ತಾರೆ. "ಅದನ್ನ ದೇವರೂ ನನ್ನ ಕೇಳಬಾರದ್ರಿ."

ಮುಂದಿನ ವಾರ ಅವಳು ಸಂದರ್ಶನಕ್ಕೆ ಹೊರಡುತ್ತಾಳೆ. ಮೊನ್ನೆ ಹೊಸ ಕಪ್ಪು ಶೂ ತಂದು ಪಾಲಿಶ್ ಮಾಡಲು ಒದ್ದಾಡುತ್ತಿದ್ದಳಂತೆ. ಅಪ್ಪ ಬ್ರಷ್ ಇಸಿದುಕೊಂಡು ಬಾಗಿಲಲ್ಲಿ ಕೂತರು. ಹಳೆ ಬನಿಯನ್ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಒಂದು ಹನಿ ನೀರು, ಒಂದು ಚಿಟಿಕೆ ಪಾಲಿಶ್, ಸಣ್ಣ ಸಣ್ಣ ಸುತ್ತು. ಒಂದು ಶೂ ತಾವು ಮುಗಿಸಿ, ಇನ್ನೊಂದನ್ನು ಅವಳ ಕೈಲೇ ಮಾಡಿಸಿದರು.

"ಹೋಗು ಅಂತ ಅನ್ಲಿಲ್ಲ, ಬ್ಯಾಡ ಅಂತಾನೂ ಅನ್ಲಿಲ್ಲ" ಎನ್ನುತ್ತಾರೆ ಮಹಂತೇಶ, ತುಸು ನಾಚುತ್ತ. "ಆದ್ರ ಆ ಶೂ ಮಾತ್ರ... ಅಂಥ ಪಾಲಿಶ್ ಅಲ್ಲಿ ಮತ್ತ್ಯಾರ ಕಾಲಾಗೂ ಇರಂಗಿಲ್ರಿ."